ಗೋಡೆಯಿಲ್ಲದ ನಾಲ್ಕನೇ ಮಹಡಿ

ಆಗೆಲ್ಲ ನಮ್ಮ ಕಕ್ಕೇರಾದವರಿಗೆ ಮುಂಬೈ ಎಂದರೆ ಬೇರೆ ದೇಶವೇ. "ಪರದೇಶಕ್ಕ ಹೊಂಟೀರಿ, ಕೂಸಿನ ಕೈ ಬಿಡಬ್ಯಾಡ್ರಿ" ಎಂದು ಅಜ್ಜಿ ಸೆರಗಿನಿಂದ ಕಣ್ಣು ಒರೆಸಿಕೊಂಡಿದ್ದಳು. ಗೌಂಡಿ ಕೆಲಸದ ಅಪ್ಪ ಮೊದಲೇ ಅಲ್ಲಿಗೆ ಹೋಗಿದ್ದ. ನನಗೆ ಎಂಟು ವರ್ಷವಾಗಿದ್ದಾಗಿನ ಆ ಮಳೆಗಾಲದಲ್ಲಿ ಅವ್ವ ಮತ್ತು ನಾನು ಯಾದಗಿರಿಯಲ್ಲಿ ರೈಲು ಹತ್ತಿದೆವು. ನಾನು ಜೋಳದ ಹಿಟ್ಟಿನ ಚೀಲಕ್ಕೆ ತಲೆಯಿಟ್ಟು ಮಲಗಿದವಳು ಎದ್ದಾಗ ಕಿಟಕಿಯ ಹೊರಗೆ ಊರು ಶುರುವಾಗಿತ್ತು. ಎಷ್ಟು ಹೊತ್ತಾದರೂ ಅದು ಮುಗಿಯಲೇ ಇಲ್ಲ. ಮೋಡಕ್ಕೆ ತಾಗುವ ಗಾಜಿನ ಕಟ್ಟಡಗಳು, ಅವುಗಳ ಬುಡದಲ್ಲಿ ನೀಲಿ ತಾಡಪಾಲು ಹೊದ್ದ ಗುಡಿಸಲುಗಳು.

"ಯವ್ವಾ, ಅಷ್ಟು ದೊಡ್ಡ ಮನ್ಯಾಗ ಯಾರು ಇರ್ತಾರ?"

"ಇರವ್ರು ಇರ್ತಾರ" ಎಂದಳು ಅವ್ವ.

ಅಪ್ಪ ಕೆಲಸ ಮಾಡುತ್ತಿದ್ದ ಕಟ್ಟಡದ ಪಕ್ಕದಲ್ಲೇ ನಮ್ಮ ತಗಡಿನ ಶೆಡ್ಡು. ಬಂದ ವಾರದಲ್ಲೇ ಅದರೊಳಗೆ ಮಳೆನೀರು ನುಗ್ಗಿತು. ಮೇಸ್ತ್ರಿ ನಮಗೆ ಅದೇ ಕಟ್ಟಡದ ನಾಲ್ಕನೇ ಮಹಡಿಯಲ್ಲಿ ಇರಲು ಬಿಟ್ಟ. ಅಲ್ಲಿ ಕಂಬ, ನೆಲ, ಛತ್ತು ಇದ್ದವು, ಗೋಡೆಗಳಿರಲಿಲ್ಲ. ಅಪ್ಪ ಅಂಚಿಗೆ ಬಿದಿರು ಅಡ್ಡ ಕಟ್ಟಿದ. ಹಸಿ ಸಿಮೆಂಟಿನ ವಾಸನೆಯ ಜೊತೆ ಸಮುದ್ರದ ಉಪ್ಪುಗಾಳಿ ಬರುತ್ತಿತ್ತು. ಆ ತೇವಕ್ಕೆ ಹಿಟ್ಟಿನ ಜಿಗಿ ಹೋಗಿ ಅವ್ವ ತಟ್ಟಿದ ರೊಟ್ಟಿ ಕೈಯಲ್ಲೇ ಮುರಿಯುತ್ತಿತ್ತು.

ಎದುರಿಗೆ, ಕಾಂಪೌಂಡಿನ ಆಚೆ, ಬಣ್ಣ ಬಳಿದ ಕಟ್ಟಡ. ನಮ್ಮಷ್ಟೇ ಎತ್ತರದ ಬಾಲ್ಕನಿಯಲ್ಲಿ ನನ್ನ ವಯಸ್ಸಿನ ಒಬ್ಬ ಹುಡುಗಿ ಮಳೆಗೆ ಕೈ ಚಾಚಿ ನಿಂತಿರುತ್ತಿದ್ದಳು. ಒಂದು ದಿನ ನಾನೂ ಚಾಚಿದೆ. ಅವಳು ನಕ್ಕಳು. ಅಲ್ಲಿಂದ ಮುಂದೆ ನಾನು ಐದು ಕಲ್ಲಿನ ಆಟ ಆಡಿದರೆ ಅವಳು ಗಾಜಿನ ಗೋಟಿಗಳನ್ನು ಹಾರಿಸುತ್ತಿದ್ದಳು. ಅವಳು ಕುಣಿದರೆ ನಾನೂ ಕುಣಿಯುತ್ತಿದ್ದೆ. ಮಳೆಯ ಸದ್ದಿನಲ್ಲಿ ಮಾತು ಕೇಳುತ್ತಿರಲಿಲ್ಲ, ಕೇಳಿದ್ದರೂ ಅರ್ಥವಾಗುತ್ತಿರಲಿಲ್ಲ.

ನಾಗರ ಪಂಚಮಿಗೆ ಅಪ್ಪ ತೊಲೆಗೆ ಹಗ್ಗ ಹಾಕಿ ಜೋಕಾಲಿ ಕಟ್ಟಿದ. ನಾನು ಜೀಕಿದಾಗಲೆಲ್ಲ ಆ ಹುಡುಗಿ ಚಪ್ಪಾಳೆ ತಟ್ಟುತ್ತಿದ್ದಳು. "ಆಕಿಗೂ ಉಂಡಿ ಕೊಟ್ಟು ಬರೂಣ" ಎಂದು ಹಟ ಹಿಡಿದೆ. ಅವ್ವ ಹೊಸ ಸೀರೆ ಉಟ್ಟು, ಶೇಂಗಾ ಉಂಡಿ ಕಟ್ಟಿಕೊಂಡು ಆ ಗೇಟಿಗೆ ಕರೆದೊಯ್ದಳು.

"ಯಾರನ್ನು ನೋಡಬೇಕು?" ಎಂದು ಕಾವಲುಗಾರ ಹಿಂದಿಯಲ್ಲಿ ಕೇಳಿದ.

ಅವ್ವ ಸುರಪುರದ ಸಂತೆಯಲ್ಲಿ ಕಲಿತ ಉರ್ದುವಿನಲ್ಲಿ, ಮೇಲೆ ಮಗಳ ಗೆಳತಿ ಇದ್ದಾಳೆ ಎಂದಳು. ಹೆಸರೇನು, ಯಾವ ಮನೆ ಎಂದು ಅವನು ಕೇಳಿದ. ಅವ್ವ ನನ್ನ ಮುಖ ನೋಡಿದಳು. ನನಗೂ ಗೊತ್ತಿರಲಿಲ್ಲ. ಅವನು ಬೈಯಲಿಲ್ಲ, ಗೇಟನ್ನಷ್ಟೇ ಮೆಲ್ಲಗೆ ಮುಚ್ಚಿದ.

ಅಳುತ್ತಲೇ ನಮ್ಮ ಮಹಡಿಗೆ ಹತ್ತಿದೆ. ಅವಳು ಎದುರಿನ ಬಾಲ್ಕನಿಯಲ್ಲೇ ಕಾಯುತ್ತಿದ್ದಳು. ಉಂಡಿ ಎತ್ತಿ ತೋರಿಸಿದೆ. ಅವಳು ಬಾಯಿ ಅಗಲಿಸಿದಳು. ನಾನು ಕಚ್ಚಿದೆ; ಅವಳು ಬರಿಬಾಯಿಯಲ್ಲೇ ಅಗಿದು, ರುಚಿಯಾಗಿದೆ ಎಂಬಂತೆ ತಲೆದೂಗಿದಳು.

ಮಳೆ ನಿಂತ ಮೇಲೆ ಗೋಡೆ ಕೆಲಸ ಶುರುವಾಯಿತು. ಅಪ್ಪನಿಗೆ ಎಲ್ಲ ಗೊತ್ತಿತ್ತು. ಉಳಿದ ಮೂರೂ ಕಡೆ ಕಟ್ಟಿ, ಅವಳು ಕಾಣುವ ಬದಿಯನ್ನು ಹಾಗೆಯೇ ಬಿಟ್ಟಿದ್ದ. ಕಡೆಗೆ ಮೇಸ್ತ್ರಿ ರೇಗಿದ. ಇಟ್ಟಿಗೆ ನನ್ನ ಎದೆ ಮಟ್ಟಕ್ಕೆ ಬಂತು, ಹಣೆ ಮುಟ್ಟಿತು.

"ಇಲ್ಲಿ ಕಟ್ಟಬ್ಯಾಡಪ್ಪಾ."

"ಮನಿ ಅಂದಮ್ಯಾಲ ಗ್ವಾಡಿ ಬೇಕಲ್ಲ ತಾಯಿ. ಬಾ, ಇನ್ನೊಮ್ಮಿ ನೋಡಿಬಿಡು" ಎಂದು ಗಾರೆ ಮೆತ್ತುವ ಕರಣಿ ಕೆಳಗಿಟ್ಟು ನನ್ನನ್ನು ಹೆಗಲಿಗೇರಿಸಿಕೊಂಡ. ಅವಳು ಅಲ್ಲಿದ್ದಳು. ಎರಡೂ ಕೈಯಿಂದ ಜೋಕಾಲಿಯ ಹಗ್ಗ ಹಿಡಿದವಳಂತೆ ಹಿಂದೆ ಮುಂದೆ ತೂಗಿದಳು. ಅಪ್ಪ ಅವಸರ ಮಾಡಲಿಲ್ಲ. ಅವಳನ್ನು ಯಾರೋ ಒಳಗೆ ಕರೆದ ಮೇಲೆಯೇ ನನ್ನನ್ನು ಕೆಳಗಿಳಿಸಿದ.

ದೊಡ್ಡವಳಾದ ಮೇಲೆ, ಆ ಕಟ್ಟಡ ಎಲ್ಲಿತ್ತು ಎಂದು ಅಪ್ಪನನ್ನು ಕೇಳಿದ್ದೆ. "ಕಟ್ಟಿದ್ದು ಒಂದಾ ಎರಡಾ ಯವ್ವಾ" ಎಂದು ನಕ್ಕಿದ್ದ. ಈಗ ಅಪ್ಪನೂ ಇಲ್ಲ. ನಾನು ಶಹಾಪುರದಲ್ಲಿದ್ದೇನೆ, ನನ್ನನ್ನು ಆದರದಿಂದ ಒಳಗೆ ಕರೆಯುವ ಮನೆಗಳು ಬೇಕಾದಷ್ಟಿವೆ. ಆದರೆ ಯಾರ ಮಗಳು, ಯಾವ ಊರಿನವಳು ಎಂದು ಏನೂ ಕೇಳದೆ, ನನ್ನನ್ನು ಕಂಡ ಖುಷಿಗೇ ಅಂಚಿನವರೆಗೆ ಓಡಿ ಬರುವವರು ಆಮೇಲೆ ಯಾರೂ ಸಿಗಲಿಲ್ಲ.