ಮುತಿಂತಾ ಅಮ್ಮನ ಸೀಟಿ

ಚಂದ್ರನ ಮೇಲಿನ ನಮ್ಮ ವಸತಿಯಲ್ಲಿ ಫುಟ್‌ಬಾಲ್ ರೆಫರಿ ಎಂದರೆ ಮುತಿಂತಾ ಅಮ್ಮ. ಇಲ್ಲಿ ಮೆಲ್ಲಗೆ ಒದ್ದ ಚೆಂಡೂ ಗಾಜಿನ ಗುಮ್ಮಟಕ್ಕೆ ಬಡಿದೀತೆಂಬ ದಿಗಿಲಿನಿಂದ ಅವರು ಚೆಂಡಿಗೆ ಮರಳು ತುಂಬಿಸಿದರು, ಗೋಲ್‌ಕೀಪರ್ ಸೊಂಟಕ್ಕೆ ಹಗ್ಗ ಕಟ್ಟಿಸಿದರು, ಹಾರುವುದನ್ನೇ ಫೌಲ್ ಮಾಡಿದರು. “ನೆಲ ಬಿಟ್ರೆ ಕೆಂಪು ಕಾರ್ಡು ಕಣೋ, ಚಿಲೇಶೆ!” ಎಂದು ನಮ್ಮ ತಂಡದ ತುಂಟ ಹುಡುಗನನ್ನು ಗದರಿದರೆ ಅವನು, “ಹಾವಿನ ಥರ ತೆವಳ್ಲಾ, ಅಮ್ಮಾ?” ಎನ್ನುವನು. “ತೆವಳು, ಬದುಕಿರ್ತೀಯ!” ಮೊನ್ನೆ ಅವನು ಮೈಮರೆತು ಹಾರಿ ಒದ್ದ; ಚೆಂಡು ಬಡಿದು ಗುಮ್ಮಟದ ಗಾಜು ಕೂದಲೆಳೆಯಷ್ಟು ಬಿರುಕುಬಿಟ್ಟು ಗಾಳಿ ಸುಯ್ಯೆಂದು ಸೋರತೊಡಗಿತು. ಅಮ್ಮ ನಮ್ಮನ್ನೆಲ್ಲ ಒಳಕೋಣೆಗೆ ಅಟ್ಟಿ, ಹೊರಗಿನಿಂದ ಬಾಗಿಲು ಭದ್ರಪಡಿಸಿ, ತಾವೊಬ್ಬರೇ ತೇಪೆ ಹಚ್ಚಲು ಏಣಿ ಹತ್ತಿದರು. ನಾವು ಬಾಗಿಲಿಗೆ ಕಿವಿಯಿಟ್ಟು ನಿಂತೆವು. ಅಮ್ಮನ ಬಾಯಲ್ಲೇ ಉಳಿದಿದ್ದ ಸೀಟಿ ಅವರ ಒಂದೊಂದು ಉಸಿರಿಗೂ ನಡುಗುತ್ತ ಕೂಗುತ್ತಿತ್ತು. ಅದು ಕೇಳುವಷ್ಟು ಹೊತ್ತು ಅಮ್ಮ ಇದ್ದಾರೆಂದು ನಮಗೆ ಧೈರ್ಯ. ತೇಪೆ ಗಟ್ಟಿಯಾಗಿ ಅವರೇ ಬಾಗಿಲು ತೆರೆಯುವವರೆಗೂ ಅದು ನಿಲ್ಲಲಿಲ್ಲ.