ಹೆಂಚಿನ ಮುಯ್ಯಿ

೧೯೭೯ರಲ್ಲಿ, ಏಳನೇ ಕ್ಲಾಸಿನ ಅರ್ಧಕ್ಕೇ ನಾನು ಓದು ನಿಲ್ಲಿಸಿ ಅಪ್ಪನ ಜೊತೆ ಗಾರೆ ಕೆಲಸಕ್ಕೆ ಹೋದೆ. ಅದಕ್ಕೆ ನನಗೆ ನಾಚಿಕೆಯಿಲ್ಲ. ಆನೇಮಹಲ್ ಕಡೆಯ ಏರಿನಲ್ಲಿರುವ ನಮ್ಮ ಕೇರಿಯ ಹನ್ನೊಂದು ಮನೆಗಳಲ್ಲಿ ನನ್ನ ಕರಣೆ ತಾಗದ ಗೋಡೆಯಿಲ್ಲ.

ಆಗ ಹನ್ನೊಂದೂ ಹೆಂಚಿನ ಮನೆಗಳೇ. ಮಳೆ ಹಿಡಿಯುವ ಮೊದಲು ಭಾನುವಾರಕ್ಕೊಂದು ಮನೆಯಂತೆ ಹೆಂಚು ಇಳಿಸಿ, ಪಾಚಿ ಉಜ್ಜಿ, ಒಡೆದದ್ದು ಬದಲಾಯಿಸಿ ಮತ್ತೆ ಹೊದೆಸುತ್ತಿದ್ದೆವು. ಕೂಲಿಯ ಮಾತಿಲ್ಲ, ಮುಯ್ಯಾಳು. ನೀವು ನನ್ನ ಮನೆಗೆ ಒಂದು ದಿನ ದುಡಿದರೆ ನಾನು ನಿಮ್ಮ ಮನೆಗೆ ಒಂದು ದಿನ. ಮನೆಯವರು ಬೆಳಿಗ್ಗೆ ಅಕ್ಕಿರೊಟ್ಟಿ, ಮಧ್ಯಾಹ್ನ ಊಟ ಹಾಕಬೇಕು, ಅಷ್ಟೆ. ಆಗ ನಾನು ಯಾವತ್ತೂ ಯಾರ ಮುಯ್ಯಿಯನ್ನೂ ಉಳಿಸಿಕೊಂಡವನಲ್ಲ.

ತೊಂಬತ್ತೆಂಟರ ಸುಮಾರಿಗೆ ಏರಿನ ಮೇಲೆ ಕಾಲೇಜು ಬಂತು. ಎದುರುಮನೆ ಅಕ್ಕ ಗಂಡ ತೀರಿಕೊಂಡ ಮೇಲೆ ಎಸ್ಟೇಟಿಗೆ ಕಾಫಿ ಹಣ್ಣು ಕುಯ್ಯೋಕೆ ಹೋಗುತ್ತಿದ್ದವಳು. ಮೊದಲು ನಡುಮನೆಯನ್ನು ಕಾಲೇಜು ಹುಡುಗಿಯರಿಗೆ ಬಾಡಿಗೆಗೆ ಕೊಟ್ಟಳು. ಆಮೇಲೆ ಓಲೆ ಅಡವಿಟ್ಟು, ಹೆಂಚು ತೆಗೆಸಿ ಸಿಮೆಂಟಿನ ಮೋಲ್ಡು ಹಾಕಿಸಿದಳು. ಹಾಕಿದವನು ನಾನೇ. ಅವಳನ್ನು ನೋಡಿ ಲಾರಿ ಓಡಿಸುವ ಪಕ್ಕದ ಮನೆಯವನೂ ಹಾಕಿಸಿದ. ನಾಲ್ಕು ಮನೆಯವರು ಮಾರಿ ಹೋಗಿಬಿಟ್ಟರು. ಕೊಂಡವರ ಮುಖ ನಾನು ಸರಿಯಾಗಿ ನೋಡಿಲ್ಲ, ಅವರ ಮೋಲ್ಡನ್ನೂ ಹಾಕಿದೆ. ಉಳಿದ ನಾಲ್ಕು ಮನೆಯವರೂ ಹಾಕಿಸಿದರು. ಆರು ವರ್ಷದಲ್ಲಿ ಕೇರಿಯಲ್ಲಿ ಹೆಂಚು ಉಳಿದದ್ದು ನನ್ನ ಮನೆ ಮೇಲೆ ಮಾತ್ರ.

ಆ ವರ್ಷ ಮೇ ತಿಂಗಳಲ್ಲೇ ಮೋಡ ಕಟ್ಟತೊಡಗಿತು. ಶನಿವಾರ ಸಂಜೆ ಎಂದಿನಂತೆ, “ನಾಳೆ ನಮ್ಮನೆ ಹೆಂಚು” ಅಂತ ಹೇಳಲು ಹೊರಟೆ. ಇದಕ್ಕೆ ತಿರುಗಿ ನಾನೇನು ಮಾಡಿಕೊಡಬೇಕು ಅನ್ನುವುದು ತಲೆಗೆ ಹೊಳೆದೇ ಇರಲಿಲ್ಲ.

ಲಾರಿಯವನು ನಕ್ಕ. “ಇನ್ನೂ ಹೆಂಚಾ ಮಾರಾಯ? ಇಬ್ಬರು ಆಳು ಕಳಿಸ್ತೀನಿ ಬಿಡು, ಕೂಲಿ ನಂದು.”

“ನಿನ್ನ ಕೂಲಿ ಆಳು ನನಗ್ಯಾಕೆ? ನೀನು ಬಾ.”

“ನಾನು ಬಂದ್ರೆ ನೀನು ತೀರ್ಸೋದು ಎಲ್ಲಿ? ನನ್ನ ಮೋಲ್ಡಿನ ಮೇಲೆ ಹತ್ತಿ ಕೂತ್ಕೋತೀಯಾ?”

ತಮಾಷೆಗೆ ಅಂದದ್ದೇ. ಆದರೂ ಅಕ್ಕನ ಬಾಗಿಲಿಗೆ ಹೋಗದೆ ವಾಪಸ್ ಬಂದೆ.

ಬೆಳಿಗ್ಗೆ ನಾನೂ ಹೆಂಡತಿಯೂ ಇಬ್ಬರೇ ಶುರು ಮಾಡಿದೆವು. ನಾನು ಮೇಲಿಂದ ಕೊಡುವುದು, ಅವಳು ಹಿಡಿದುಕೊಳ್ಳುವುದು, ಮತ್ತೆ ನಾನೇ ಇಳಿದು ಬಂದು ಜೋಡಿಸುವುದು. ಹತ್ತು ಗಂಟೆಯಾದರೂ ಕಾಲುಭಾಗ ಇಳಿದಿರಲಿಲ್ಲ, ಹೆತ್ತೂರಿನ ಕಡೆ ಆಕಾಶ ಕಪ್ಪಾಗುತ್ತಿತ್ತು. ಅಷ್ಟರಲ್ಲಿ ಅಕ್ಕ ಸೆರಗು ಸಿಕ್ಕಿಸಿಕೊಂಡು ಬಂದಳು. ಹಿಂದೆ ಅವಳ ಬಾಡಿಗೆ ರೂಮಿನ ಇಬ್ಬರು ಹುಡುಗಿಯರು, ಬಿಜಾಪುರದ ಕಡೆಯವರು.

“ಕರೆಯೋಕೆ ಏನಾಗಿತ್ತು ನಿಂಗೆ?”

“ನಿಮ್ಮನೇಲಿ ಹೆಂಚಿಲ್ವಲ್ಲಕ್ಕ. ನಾನು ಹೆಂಗೆ ತೀರ್ಸಲಿ?”

“ಮೊದ್ಲು ಹೆಂಚು ಕೊಡು. ಮಳೆ ಬಂದ್ರೆ ನಿನ್ನ ಲೆಕ್ಕಾನೂ ನೆನೀತದೆ.”

ಕೊಡಬೇಕೋ ಬೇಡವೋ ತಿಳಿಯದೆ ಹೆಂಚು ಕೈಯಲ್ಲಿ ಹಿಡಿದು ಕೂತಿದ್ದೆ. ಕೆಳಗೆ ಕೈ ಎತ್ತಿ ನಿಂತಿದ್ದ ಹುಡುಗಿಯೊಬ್ಬಳು, “ಕೊಡ್ರಿ ಅಂಕಲ್, ಕೈ ನೋಯ್ತಾವ” ಅಂದಳು. ಕೊಟ್ಟೆ. ಸಾಲಾಗಿ ನಿಂತು ಕೈಯಿಂದ ಕೈಗೆ ದಾಟಿಸಿದರು. ನಾಲ್ಕೇ ನಾಲ್ಕು ಹೆಂಚು ಒಡೆದವು, ಅದರಲ್ಲಿ ಎರಡು ನಾನೇ ಒಡೆದದ್ದು. ಕೊನೆಯ ಸಾಲು ಕೂರಿಸುವಾಗ ಹನಿ ಬಿತ್ತು.

ಊಟಕ್ಕೆ ಕೂತಾಗ ಹುಡುಗಿಯರನ್ನು ಕೇಳಿದೆ, “ನಿಮ್ಮ ಮುಯ್ಯಿ ಯಾವಾಗಮ್ಮ?” ಅವರಿಗೆ ಅರ್ಥವಾಗಲಿಲ್ಲ. ಅಕ್ಕ ಬಿಡಿಸಿ ಹೇಳಿದ ಮೇಲೆ ಒಬ್ಬಳು, “ನಮ್ಮದು ಮಣ್ಣಿನ ಮಾಳಿಗಿ ರೀ, ಹೆಂಚ ಇಲ್ಲ” ಅಂದಳು. ಪರೀಕ್ಷೆ ಮುಗಿಸಿ ಇಬ್ಬರೂ ಊರಿಗೆ ಹೋದರು. ವಿಳಾಸ ಕೇಳಬೇಕಿತ್ತೋ, ಕೇಳಿದ್ದರೆ ಅಷ್ಟು ದೂರ ಹೋಗಿ ಏನು ಮಾಡುತ್ತಿದ್ದೆನೋ, ಇವತ್ತಿಗೂ ಗೊತ್ತಾಗಿಲ್ಲ. ಅಕ್ಕನ ಮನೆ ಸುಣ್ಣಕ್ಕೆ ಹೋದರೆ ಅವಳು ಕೂಲಿ ಕೊಡದೆ ಬಿಡುವುದಿಲ್ಲ.

ಈಗ ನನ್ನ ಹತ್ತಿರ ಇರುವುದು ಹೆಂಚಿನ ಮನೆ ಒಂದು, ಕರಣೆ ಎರಡು, ತೂಗುಗುಂಡು ಒಂದು, ಹಿತ್ತಲಲ್ಲಿ ಒಟ್ಟಿದ ಹಳೇ ಹೆಂಚು ಇನ್ನೂರ ಹತ್ತು, ತೀರಿಸದ ಮುಯ್ಯಿ ಮೂರು ದಿನ.