ಎಂಜಿನ್ ನಿಂತ ಮೇಲಿನ ಹನ್ನೊಂದು ನಿಮಿಷ

ಬೆಳಿಗ್ಗೆ ಏಳು ಗಂಟೆ ಹತ್ತು ನಿಮಿಷಕ್ಕೆ, ಶರಾವತಿ ಕಡಲು ಸೇರುವ ಅಳಿವೆಯಲ್ಲಿ, ದೋಣಿಯ ಎಂಜಿನ್ ನಿಲ್ಲಿಸಲು ಹೇಳಿದವಳು ನಾನೇ. ಗಡಿಯಾರ ನೋಡಿ ಬರೆದುಕೊಂಡಿದ್ದೆ, ಹಾಗಾಗಿ ಸಮಯದ ಬಗ್ಗೆ ಅನುಮಾನವಿಲ್ಲ. ಎರಡು ತಿಂಗಳ ನಂತರ, ಬೆಂಗಳೂರಿನ ಪದ್ಮನಾಭನಗರದಲ್ಲಿ ನನ್ನ ಮೊದಲ ಬೆಳಿಗ್ಗೆ, ಕೆಳಗೆಲ್ಲೋ ಗುಂಯ್‌ಗುಡುತ್ತಿದ್ದ ಸದ್ದು ಥಟ್ಟನೆ ನಿಂತಿತು. ಎಚ್ಚರವಾದಾಗ ಕಿಟಕಿಯ ಸರಳುಗಳನ್ನು ಎರಡೂ ಕೈಯಿಂದ ಬಿಗಿಯಾಗಿ ಹಿಡಿದು ನಿಂತಿದ್ದೆ. ಕಡಲು ಅಲ್ಲಿಂದ ಒಂದು ರಾತ್ರಿಯ ಬಸ್ ಪ್ರಯಾಣದಷ್ಟು ದೂರ. ನಿಂತಿದ್ದು ಬರೀ ನೀರೆತ್ತುವ ಮೋಟಾರು.

ಹೊನ್ನಾವರದ ನಾವು ನದಿಯ ಬಳಿ ಹೋಗುತ್ತೇವೆ. ಇಲ್ಲಿ ನದಿಯೇ ಮನೆಗೆ ಬರುತ್ತದೆ, ಅದೂ ದಿನ ಬಿಟ್ಟು ದಿನ. ‘ಇವತ್ತು ಕಾವೇರಿ ಬರುತ್ತೆ’ ಅನ್ನುತ್ತಾರೆ, ನೆಂಟರ ಬಗ್ಗೆ ಹೇಳಿದ ಹಾಗೆ. ಬಂದ ನೀರು ಅಂಗಳದಡಿಯ ಸಂಪು ಎಂಬ ತೊಟ್ಟಿಗೆ ಇಳಿಯುತ್ತದೆ, ಅಲ್ಲಿಂದ ಮೋಟಾರು ಅದನ್ನು ಮಾಳಿಗೆಯ ಟ್ಯಾಂಕಿಗೆ ಹತ್ತಿಸುತ್ತದೆ. ಸ್ವಿಚ್ಚು ಇರುವುದು ಕೆಳಗೆ, ಮನೆಯೊಡತಿ ಗೌರಮ್ಮ ಆಂಟಿಯ ಅಡುಗೆಮನೆಯಲ್ಲಿ. ಟ್ಯಾಂಕ್ ತುಂಬಿತೆಂದು ಕೂಗಬೇಕಾದವರು ಮೇಲಿನ ಬಾಡಿಗೆಯವರು, ಅಂದರೆ ನಾನು. ಕರಾರು ಪತ್ರದಲ್ಲಿ ಇಲ್ಲದ, ಆದರೆ ಆಂಟಿ ಮೊದಲು ಹೇಳಿದ ನಿಯಮ ಅದೇ. ಈ ಮನೆಯಿರುವ ಜಾಗದಲ್ಲಿ ಒಂದು ಕಾಲಕ್ಕೆ ಅವರ ಮಾವ ರಾಗಿ ಬೆಳೆಯುತ್ತಿದ್ದರಂತೆ. ಆಗಲೂ ನೀರಿಗೆ ಕಾಯುವುದೇ ಕೆಲಸವಾಗಿತ್ತು ಅನ್ನುತ್ತಾರೆ.

ನಾನು ಡಾಲ್ಫಿನ್‌ಗಳ ಕೆಲಸದವಳು, ಜೆ.ಪಿ. ನಗರಕ್ಕೆ ಹೋಗುತ್ತೇನೆ ಎಂದಾಗ ಆಂಟಿ ಕೇಳಿದರು.

“ಜೆ.ಪಿ. ನಗರದಲ್ಲಿ ಎಲ್ಲಮ್ಮಾ ಸಮುದ್ರ? ಕೆರೆನೇ ಮುಚ್ಚಿ ಸೈಟ್ ಮಾಡವ್ರೆ.”

ಜೆ.ಪಿ. ನಗರದಲ್ಲಿರುವುದು ನಮ್ಮ ಕಚೇರಿ, ಒಂದು ಮನೆಯ ಎರಡನೇ ಮಹಡಿ. ಅಲ್ಲಿ ಡಾಲ್ಫಿನ್‌ಗಳ ಬೆನ್ನಿನ ರೆಕ್ಕೆಯ ಚಿತ್ರಗಳನ್ನು ಹೋಲಿಸುತ್ತೇವೆ. ಮನುಷ್ಯರಿಗೆ ಮುಖವಿದ್ದಂತೆ ಅವಕ್ಕೆ ರೆಕ್ಕೆ. ಅದರ ಅಂಚಿನ ಕಚ್ಚುಗಳನ್ನು ನೋಡಿ ಗುರುತು ಹಿಡಿದು ಹೆಸರಿಡುತ್ತೇವೆ. ನೀರಿನೊಳಗಿನ ಧ್ವನಿಮುದ್ರಣಗಳನ್ನೂ ಕೇಳಿ ಬರೆದಿಡುತ್ತೇವೆ. ಆ ಬೆಳಿಗ್ಗೆಯ ಮುದ್ರಣವೂ ಅಲ್ಲೇ, ನನ್ನ ಕಂಪ್ಯೂಟರಿನಲ್ಲಿ ಇತ್ತು. ಹನ್ನೊಂದು ನಿಮಿಷದ್ದು. ಅಳಿವೆಯಲ್ಲಿ ತಾಯಿ ಮತ್ತು ಮರಿ ಒಟ್ಟಿಗೆ ಇರುತ್ತವೆ ಎಂಬುದಕ್ಕೆ ನಮ್ಮಲ್ಲಿದ್ದ ಪುರಾವೆ ಅದೊಂದೇ. ದೋಣಿಯಲ್ಲಿ ಇದ್ದವರೇ ಮೊದಲು ಕೇಳಿ ಬರೆಯಬೇಕು, ಇದು ನಮ್ಮ ಪದ್ಧತಿ. ಹಗ್ಗದ ಸದ್ದು ಯಾವುದು, ಹುಟ್ಟಿನದು ಯಾವುದು ಎಂದು ಬೇರೆಯವರಿಗೆ ತಿಳಿಯದು. ನಾನು ಕೇಳದಿದ್ದರೆ ವರದಿಯಲ್ಲಿ ಆ ಜಾಗ ಖಾಲಿ ಉಳಿಯುತ್ತಿತ್ತು. ಪ್ರತಿದಿನ ಹೆಡ್‌ಫೋನ್ ಹಾಕಿಕೊಳ್ಳುತ್ತಿದ್ದೆ, ತೆಗೆಯುತ್ತಿದ್ದೆ.

ಆ ದಿನ ದೋಣಿಯಲ್ಲಿ ಇದ್ದದ್ದು ನಾನು ಮತ್ತು ದೋಣಿ ನಡೆಸುವ ಮಂಜಣ್ಣ ಇಬ್ಬರೇ. ನಾವು ‘ಗರಗಸ’ ಎಂದು ಕರೆಯುವ ಹೆಣ್ಣು ಡಾಲ್ಫಿನ್ ಮರಿಯೊಂದಿಗೆ ಹತ್ತಿರದಲ್ಲೇ ಎದ್ದು ಉಸಿರು ಬಿಟ್ಟಿತು. ಎಂಜಿನ್ ಸದ್ದಿದ್ದರೆ ಮುದ್ರಣ ಕೆಡುತ್ತದೆ. ಧ್ವನಿಗ್ರಾಹಕದ ಹಗ್ಗವನ್ನು ದೋಣಿಗೆ ಬಿಗಿದು ನೀರಿಗೆ ಇಳಿಸಿ, ಎಂಜಿನ್ ಆಫ್ ಮಾಡಿ ಎಂದೆ. ಮಂಜಣ್ಣ ನೀರು ನೋಡಿದರು. “ಇಲ್ಲಿ ಬೇಡ ತಂಗಿ. ಇಳಿತ ಶುರುವಾಯ್ತು.” ಐದೇ ನಿಮಿಷ ಎಂದು ಹಟ ಹಿಡಿದೆ. ಮೂವತ್ತು ವರ್ಷ ಆ ನೀರಿನಲ್ಲಿ ಬದುಕಿದ ಮನುಷ್ಯ ನನ್ನ ಓದಿಗೆ ಮರ್ಯಾದೆ ಕೊಟ್ಟು ಎಂಜಿನ್ ನಿಲ್ಲಿಸಿದರು. ಇಳಿಯುವ ಹೊಳೆ ನಮ್ಮನ್ನು ಮರಳುದಿಬ್ಬದ ಮೇಲೆ ತಂದಿತು. ಮತ್ತೆ ಎಂಜಿನ್ ಹಚ್ಚುವಷ್ಟರಲ್ಲಿ ಅಡ್ಡಲಾಗಿ ಬಂದ ಅಲೆಯೊಂದು ದೋಣಿಯನ್ನು ಮಗುಚಿತು. ನಾನು ಲೈಫ್ ಜಾಕೆಟ್ ಹಾಕಿದ್ದೆ, ಅವರು ಹಾಕಿರಲಿಲ್ಲ. ಕಣ್ಣಿಗೆ ಉಪ್ಪುನೀರು, ಕಿವಿಗೆ ಧಡ್ ಧಡ್ ಎಂಬ ಹೊಡೆತ. ಆ ಸದ್ದಿನತ್ತ ಕೈ ಚಾಚಿದಾಗ ಹಲಗೆ ಸಿಕ್ಕಿತು. ಬಲೆಗೆ ಹೊರಟವರು ನಮ್ಮಿಬ್ಬರನ್ನೂ ಎಳೆದುಕೊಂಡರು. ಮಂಜಣ್ಣನ ಭುಜದ ಕೀಲು ತಪ್ಪಿ ಆ ಹಂಗಾಮು ಪೂರ್ತಿ ಅವರು ಬಲೆ ಎಳೆಯಲಿಲ್ಲ. ನಾನು ಅವರಿಗೆ ಒಮ್ಮೆಯೂ ಫೋನ್ ಮಾಡದೆ ಬೆಂಗಳೂರಿನ ಕೆಲಸ ಕೇಳಿ ಪಡೆದೆ.

ಇಲ್ಲಿ ಎಲ್ಲವನ್ನೂ ಕಲಿತೆ. ಬಸ್ಸಿನಲ್ಲಿ ‘ಸಾರ್, ಸ್ವಲ್ಪ ಜಾಗ’ ಎನ್ನುವುದನ್ನು, ಮುದ್ದೆಯನ್ನು ಅಗಿಯದೆ ನುಂಗುವುದನ್ನು. ಐಸಿನ ಮೇಲೆ ಮಲಗಿದ ಬಂಗುಡೆ ಮೀನಿನ ಕಣ್ಣು ನೋಡಿ ಕೊಳ್ಳದೆ ಹಿಂದಿರುಗಿದ್ದೂ ಉಂಟು. ಮೋಟಾರು ನಿಲ್ಲುವುದೊಂದು ಮಾತ್ರ ಅಭ್ಯಾಸವಾಗಲಿಲ್ಲ. ಕಾವೇರಿ ಬರುವ ಹಿಂದಿನ ರಾತ್ರಿ ನಿದ್ದೆಯಿಲ್ಲದೆ ನಾನು ಓಡಾಡುವುದು ಕೆಳಗೆ ಆಂಟಿಗೂ ಕೇಳುತ್ತಿತ್ತು. ಒಂದು ಬೆಳಿಗ್ಗೆ ನಾನು ಮೆಟ್ಟಿಲ ಮೇಲೆ ಕಂಬಿಯನ್ನು ಎರಡೂ ಕೈಯಿಂದ ತಬ್ಬಿ ಕೂತಿದ್ದುದನ್ನು ಆಂಟಿ ನೋಡಿದರು. ಮರುಸಲ ಕೆಳಗಿನಿಂದ ದನಿ ಬಂತು: “ಅಮ್ಮಾ, ಆಫ್ ಮಾಡ್ತಾ ಇವ್ನಿ ಕಣಮ್ಮ.” ಆಮೇಲೆಯೇ ಸದ್ದು ನಿಂತಿತು. ಅಂದಿನಿಂದ ಒಂದು ಸಲವೂ ಅವರು ಹೇಳದೆ ಸ್ವಿಚ್ಚು ಮುಟ್ಟಲಿಲ್ಲ. ನನ್ನ ಕತೆಯನ್ನು ಅವರಿಗೆ ಹೇಳಿದ್ದು ಎಷ್ಟೋ ವಾರಗಳ ನಂತರ, ಅಲಸಂದೆಕಾಯಿ ಬಿಡಿಸುತ್ತಾ.

“ಬದುಕವ್ನಲ್ಲ ಆವಯ್ಯ? ಮಾತಾಡ್ಸು ಮತ್ತೆ” ಎಂದಷ್ಟೇ ಹೇಳಿ ಕಾಳಿನ ಪಾತ್ರೆ ಸರಿಸಿದರು.

ಮರುದಿನ ಕಚೇರಿಯಲ್ಲಿ ಹೆಡ್‌ಫೋನ್ ತೆಗೆಯಲಿಲ್ಲ. ಮೊದಲು ಒಗ್ಗರಣೆಗೆ ಬಿದ್ದ ಸಾಸಿವೆಯಂತೆ ಚಟಪಟ. ಡಾಲ್ಫಿನ್ ದಾರಿ ನೋಡಿಕೊಳ್ಳುವುದು ಆ ಸದ್ದಿನಿಂದ. ಮರಿಯ ಸಣ್ಣ ಸಿಳ್ಳು, ತಾಯಿಯ ಉತ್ತರ. ಹಲಗೆ ಮರಳಿಗೆ ಉಜ್ಜಿತು. ಆಮೇಲೆ ಬರೀ ನೀರು. ಹಗ್ಗ ಬಿಗಿದಿದ್ದರಿಂದ ಧ್ವನಿಗ್ರಾಹಕ ಮಗುಚಿದ ದೋಣಿಯಡಿ ಕೇಳುತ್ತಲೇ ಇತ್ತು. ಆಗ ಬಂತು ಆ ಧಡ್ ಧಡ್. ಇಷ್ಟು ದಿನ ಅದನ್ನು ಹಲಗೆಗೆ ಬಡಿಯುವ ಅಲೆ ಎಂದುಕೊಂಡಿದ್ದೆ. ಅಲ್ಲ, ಅದು ಅಂಗೈ. ಎರಡು ಬಡಿತ, ನಿಲುಗಡೆ, ಎರಡು ಬಡಿತ. ಬಲೆಯತ್ತ ಮೀನು ಓಡಿಸಲು ನಮ್ಮವರು ದೋಣಿಯ ಹಲಗೆ ಬಡಿಯುವುದು ಹಾಗೆಯೇ.

ಬರೆಯುವುದನ್ನೆಲ್ಲ ಬರೆದು ಮುಗಿಸಿ ಮಂಜಣ್ಣನಿಗೆ ಫೋನ್ ಮಾಡಿದೆ. ತಪ್ಪಾಯಿತು ಎಂದೆ. ಹಲಗೆ ಬಡಿದದ್ದು ನೀವೇನಾ ಎಂದು ಕೇಳಿದೆ.

“ಮತ್ಯಾರು? ಭುಜ ಒಂದು ಬದಿ, ಕೈ ಒಂದು ಬದಿ. ಮೀನಾದ್ರೆ ಆ ಸದ್ದಿಗೆ ಓಡ್ತದೆ. ನೀನು ಮೀನಲ್ಲ, ಬರ್ತೆ ಅಂದ್ಕಂಡೆ.” ಸ್ವಲ್ಪ ನಕ್ಕರು. “ಮಳೆ ಮುಗಿದ ಮೇಲೆ ಬಾ. ಆದ್ರೆ ಎಂಜಿನ್ ನಾ ಹೇಳಿದಾಗ ಆಫ್.”

ಬರುತ್ತೇನೆ ಎಂದೆ. ಹಾಗೆನ್ನುವಾಗ ಕಿಟಕಿಯಾಚೆ ಮೆಟ್ರೋ ಹಾದುಹೋಯಿತು. ಅದರ ಹೊತ್ತೂ ನನಗೀಗ ಬಾಯಿಪಾಠ, ಒಂದು ಕಾಲಕ್ಕೆ ಭರತ ಇಳಿತ ಇದ್ದ ಹಾಗೆ.

ಮರುದಿನ ಗುರುವಾರ, ಕಾವೇರಿ ಬರುವ ದಿನ. ಎಚ್ಚರವಾದಾಗ ಹೊರಗೆ ನೀರು ಧಾರೆಯಾಗಿ ಬೀಳುತ್ತಿತ್ತು. ಊರೋ ಬೆಂಗಳೂರೋ ಎಂದು ಕ್ಷಣಹೊತ್ತು ಗೊತ್ತಾಗಲಿಲ್ಲ, ಗೊತ್ತುಮಾಡಿಕೊಳ್ಳುವ ಅವಸರವೂ ಇರಲಿಲ್ಲ. ಟ್ಯಾಂಕ್ ತುಂಬಿ ಬೀದಿಗೆ ಹರಿಯುತ್ತಿತ್ತು. ಆಂಟಿ ಬೈಯುತ್ತಲೇ ಮೆಟ್ಟಿಲು ಹತ್ತಿ ಬಂದರು.

“ನೀರೆಲ್ಲ ಹೋಯ್ತಲ್ಲಮ್ಮಾ, ಒಂದು ಕೂಗು ಹಾಕ್ಬಾರ್ದಾ?”

ಬಾಗಿಲು ತೆರೆದೆ. ನನ್ನ ಕೆನ್ನೆಯ ಮೇಲಿನ ದಿಂಬಿನ ಗೆರೆಗಳನ್ನು ನೋಡಿ ಅವರ ದನಿ ಇಳಿಯಿತು.

“ಮಲ್ಗಿದ್ಯಾ? ರಾತ್ರಿಯಿಂದ್ಲೂ?”

ಹೂಂ ಎಂದೆ.

“ಹೋಗ್ಲಿ ಬಿಡು. ನಾಳಿದ್ದು ಮತ್ತೆ ಬರುತ್ತೆ ಕಾವೇರಿ.”